ಕೆಳಸಾಲಿನ ಮೂರನೇ ಕೊಕ್ಕೆ

ಸತ್ತವನ ಮೇಲೆ ಗೂಬೆ ಕೂರಿಸುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ. ಅವನು ಎದ್ದು ಬಂದು "ನಾನಲ್ಲ" ಎನ್ನುವುದಿಲ್ಲ. ಆ ಗುರುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದ ಹೆಂಗಸು ಕೈಗೆ ಕೊಟ್ಟ ಒಂದು ಪುಟದ ವರದಿಯನ್ನು ಓದಿದಾಗ ನನ್ನ ತಲೆಗೆ ಮೊದಲು ಬಂದದ್ದು ಇದು. ಆಮೇಲೆ ಬಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

"ನೌಕರನು ತನ್ನ ಬೀಗವನ್ನು ಸ್ವಿಚ್ಚಿಗೆ ಹಾಕಲು ಮರೆತು ಕಂಬ ಹತ್ತಿದ್ದರಿಂದ ಸಾವು ಸಂಭವಿಸಿದೆ. ಇದು ಆತನ ಸ್ವಂತ ಅಜಾಗರೂಕತೆ" ಎಂದಿತ್ತು ಅದರಲ್ಲಿ. ಮರುದಿನ ಸಂಜೆ ನಾಲ್ಕಕ್ಕೆ ಜಂಟಿ ವಿದ್ಯುತ್ ಮಂಡಳಿಯ ಸಭೆ. ಅಲ್ಲಿ ಸಹಿ ಬಿದ್ದರೆ ಮುಗಿಯಿತು, ಆ ಮಾತೇ ನಿಜವಾಗಿಬಿಡುತ್ತಿತ್ತು.

"ಅವರು ಮರೆಯೋರಲ್ಲ ಅಮ್ಮ," ಎಂದಳು ಆಕೆ. ಅಳಲಿಲ್ಲ, ಎಂಟು ದಿನದಲ್ಲಿ ಅದೆಲ್ಲ ಖರ್ಚಾಗಿತ್ತೇನೋ. "ಮನೆ ಬಾಗಿಲು ಹಾಕಿದ ಮೇಲೂ ಮೂರು ಸಲ ಎಳೆದು ನೋಡ್ತಿದ್ರು. ನಾನು ಆಡ್ಕೊಂಡು ನಗ್ತಿದ್ದೆ. ನಿನ್ನೆ ಮಗಳು ಶಾಲೆಯಿಂದ ಬಂದು ‘ಅಪ್ಪಂದೇ ತಪ್ಪಂತೆ, ಹೌದಾ’ ಅಂತ ಕೇಳಿದಳು. ಏನು ಹೇಳ್ಲಿ? ಅವರನ್ನ ವಾಪಸ್ ಕೊಡಿ ಅಂತ ಕೇಳಕ್ಕೆ ಬಂದಿಲ್ಲ. ಆ ಕಾಗದದಲ್ಲಿ ಸುಳ್ಳಿದೆ. ಅದನ್ನ ತೆಗೆಸಿಕೊಡಿ."

ಅವಳು ಮಾತಾಡಿದ್ದು ನನ್ನ ಅತ್ತಿಗೆಯ ಜೊತೆ. ಅಣ್ಣ ತೀರಿಕೊಂಡ ಮೇಲೆ ನಾನು ಅತ್ತಿಗೆಯ ಜೊತೆಗೇ ಇದ್ದೇನೆ. ನಾನು ಮೂವತ್ತೆಂಟು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಅತ್ತಿಗೆ ಅಷ್ಟೇ ಕಾಲ ವಿದ್ಯುತ್ ಮೀಟರ್ ಪರೀಕ್ಷಿಸುವ ಪ್ರಯೋಗಾಲಯದಲ್ಲಿದ್ದವರು. ಅತ್ತಿಗೆ ನಾದಿನಿ ಎಂದರೆ ಹಾವು ಮುಂಗುಸಿ ಎಂದುಕೊಂಡವರು ನಮ್ಮನ್ನು ನೋಡಿ ನಿರಾಶರಾಗುತ್ತಾರೆ. ನಾವು ಜಗಳವಾಡುವುದು ಪತ್ರಿಕೆಯ ಪದಬಂಧವನ್ನು ಮೊದಲು ಯಾರು ತುಂಬಬೇಕು ಎಂಬುದಕ್ಕೆ ಮಾತ್ರ. ಮೀಟರ್ ತಿರುಚಿದವರನ್ನು ಹಿಡಿದು ಹಿಡಿದು ಅತ್ತಿಗೆಗೆ ಮನುಷ್ಯರ ಕೈಚಳಕವೆಲ್ಲ ಬಾಯಿಪಾಠವಾಗಿತ್ತು. ಊರಿಗೆಲ್ಲ ಅವರು ಮೀಟರಮ್ಮ. ಪೊಲೀಸರು ಕೈಚೆಲ್ಲಿದ ಆರೇಳು ಕೇಸುಗಳು ನಮ್ಮ ಮುಂದಿನ ಕೋಣೆಯಲ್ಲಿ, ಹಳೇ ಮೀಟರುಗಳ ನಡುವೆ ಬಗೆಹರಿದಿವೆ.

ಈ ಕೇಸು ಮಾತ್ರ ಅವರಿಗೆ ಬೇರೆ ಥರ ತಟ್ಟಿತು. ಕರೆಂಟು ಕೊಡುತ್ತಿದ್ದ ಖಾಸಗಿ ಕಂಪನಿ ಎಂಟು ವರ್ಷದ ಹಿಂದೆ ಗಂಟುಮೂಟೆ ಕಟ್ಟಿ ಹೋದಾಗ ಅಕ್ಕಪಕ್ಕದ ಮೂರು ಊರುಗಳ ಪುರಸಭೆಗಳು ಸೇರಿ ತಂತಿ, ಕಂಬ, ಸ್ವಿಚ್ ಮನೆ ಎಲ್ಲವನ್ನೂ ಕೊಂಡುಕೊಂಡಿದ್ದವು. ಗುಡ್ಡದ ಊರು, ಹೊಳೆ ಊರು, ಗಿರಣಿ ಊರು ಎಂದು ಕರೆಯೋಣ. ಮೂರಕ್ಕೂ ಒಂದೇ ಮಂಡಳಿ, ಒಬ್ಬನೇ ಮ್ಯಾನೇಜರ್. ಅದಕ್ಕಾಗಿ ಮನೆಮನೆ ಅಲೆದವರಲ್ಲಿ ಅತ್ತಿಗೆಯೂ ಒಬ್ಬರು. ಮೂರು ಪುರಸಭೆಗಳ ಒಪ್ಪಂದ ಬರೆದ ಸಮಿತಿಯಲ್ಲಿ ಅವರಿದ್ದರು. ಮ್ಯಾನೇಜರನ್ನು ಆರಿಸಿದ್ದೂ ಅವರೇ.

"ನಿನ್ನ ಗಂಡನ ಬೀಗ ಎಲ್ಲಿ ಸಿಕ್ತಂತೆ?" ಅತ್ತಿಗೆ ಕೇಳಿದರು.

"ಸ್ವಿಚ್ ಮನೇಲಿ ಬೀಗ ತೂಗುಹಾಕೋ ಹಲಗೆ ಇದೆಯಲ್ಲ, ಅದರ ಮೇಲೆ. ಅವರು ಅಲ್ಲಿಂದ ತೆಗೆದೇ ಇಲ್ಲ ಅಂತಾರೆ."

"ಕೀ?"

"ಅವರ ಕೊರಳಲ್ಲೇ ಇತ್ತು. ದಾರ ಸುಟ್ಟುಹೋಗಿತ್ತು."

ಅತ್ತಿಗೆ ಎದ್ದು ಚಪ್ಪಲಿ ಮೆಟ್ಟಿದರು. ಅವರಿಗೆ ಸಿಟ್ಟು ಬಂದರೆ ಮಾತು ಕಡಿಮೆಯಾಗುತ್ತದೆ. ನನಗೆ ಬಂದರೆ ಜಾಸ್ತಿಯಾಗುತ್ತದೆ. ದಾರಿಯುದ್ದಕ್ಕೂ ನಾನೊಬ್ಬಳೇ ಮಾತಾಡಿದೆ.

ಸ್ವಿಚ್ ಮನೆ ಊರ ಹೊರಗಿನ ಇಟ್ಟಿಗೆ ಕಟ್ಟಡ. ನಾಲ್ಕು ಮೆಟ್ಟಿಲು ಹತ್ತಿದರೆ ಜಗಲಿ, ಒಳಗೆ ಸ್ವಿಚ್ಚುಗಳ ದೊಡ್ಡ ಕೋಣೆ, ಹಿಂದೊಂದು ಬಾಗಿಲು. ಅಲ್ಲಿನ ಆಪರೇಟರಿಗೆ ಅರವತ್ತು ಸಮೀಪಿಸಿತ್ತು. ಕನ್ನಡಕ ಎಷ್ಟು ದಪ್ಪವೆಂದರೆ ಎಲ್ಲರೂ ಸೋಡಾಗ್ಲಾಸು ಎಂದೇ ಕರೆಯುತ್ತಿದ್ದರು. ಹೋದ ಬುಧವಾರ ಹನ್ನೊಂದೂವರೆಗೆ ಸ್ವಿಚ್ಚು ಒತ್ತಿ ಗುಡ್ಡದ ಲೈನಿಗೆ ಕರೆಂಟು ಕೊಟ್ಟದ್ದು ಅವನ ಕೈ. ಆ ಕೈಯನ್ನು ಅವನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ಕೂತಿದ್ದ.

"ನಮ್ಮಲ್ಲಿ ಒಂದೇ ಕಟ್ಟುನಿಟ್ಟು ಅಮ್ಮ," ಎಂದ. "ಕಂಬ ಹತ್ತೋನು ಬಂದು ಸ್ವಿಚ್ಚಿನ ಹಿಡಿಗೆ ತನ್ನ ಬೀಗ ಹಾಕಿ ಕೀ ಕೊರಳಿಗೆ ಹಾಕ್ಕೊಂಡು ಹೋಗ್ತಾನೆ. ಇಳಿದ ಮೇಲೆ ಅವನೇ ಬಂದು ತೆಗೀಬೇಕು. ಬೀಗ ಇದ್ರೆ ಮೇಲೆ ಆಳಿದ್ದಾನೆ, ಬೀಗ ಇಲ್ಲ ಅಂದ್ರೆ ಇಲ್ಲ. ಹನ್ನೊಂದೂವರೆಗೆ ಕೆಲಸ ಮುಗಿಯೋ ಟೈಮು ಅಂತ ಬರೆದಿತ್ತು. ನೋಡಿದೆ, ಹಿಡಿ ಮೇಲೆ ಬೀಗ ಇರಲಿಲ್ಲ. ಬೇಗ ಮುಗಿಸಿ, ಹಿಂದಿನ ಬಾಗಿಲಿಂದ ಬಂದು ತೆಗೆದಿಟ್ಟು ಹೋಗಿರ್ತಾನೆ ಅಂದ್ಕೊಂಡೆ. ಒತ್ತಿದೆ."

"ಬೆಳಿಗ್ಗೆ?"

"ಒಂಬತ್ತಕ್ಕೆ ನಾನು ಡ್ಯೂಟಿಗೆ ಬಂದಾಗ ಬೀಗ ಹಿಡಿ ಮೇಲಿತ್ತು. ಈ ಕಣ್ಣಾರೆ ನೋಡಿದೀನಿ. ಹೇಳಿದ್ರೆ ‘ಯಾವ ಕಣ್ಣು’ ಅಂತ ನಗ್ತಾರೆ. ತಲೆ ಉಳಿಸಿಕೊಳ್ಳೋಕೆ ಸುಳ್ಳು ಹೇಳ್ತಿದೀನಂತೆ."

ಹಲಗೆಯ ಮೇಲೆ ಎರಡು ಸಾಲು ಕೊಕ್ಕೆಗಳಿದ್ದವು, ಹೆಸರು ಬರೆದಿರಲಿಲ್ಲ. ಬೀಗಗಳೆಲ್ಲ ಬಾಯಿ ತೆರೆದುಕೊಂಡು, ಕೀಲಿಕೈಯನ್ನು ಹೊಟ್ಟೆಯಲ್ಲಿಟ್ಟುಕೊಂಡು ನೇತಾಡುತ್ತಿದ್ದವು. ಅತ್ತಿಗೆ ಒಂದರ ಕೀ ಹಿಡಿದು ಎಳೆದರು. ಬರಲಿಲ್ಲ. ಮತ್ತೊಂದನ್ನು ಎಳೆದರು, ಅದೂ ಬರಲಿಲ್ಲ. ಸುಮ್ಮನೆ ಬಿಟ್ಟರು. ಮೇಲಿನ ಸಾಲಿನ ಕೊನೆಯ ಕೊಕ್ಕೆ ಖಾಲಿಯಿತ್ತು. ಅದರ ಕೆಳಗೆ ಬೀಗ ಉಜ್ಜಿ ಉಜ್ಜಿ ಬಣ್ಣ ಹೋಗಿತ್ತು.

"ಅದು ಯಾರದು?"

"ಅವನದೇ. ಉದ್ದಣ್ಣನದು." ಸತ್ತವನು ಆರಡಿ ಮೇಲೆ ಮೂರಂಗುಲ, ಊರೆಲ್ಲ ಕರೆಯುತ್ತಿದ್ದದ್ದು ಹಾಗೇ. "ಮೊದಲು ಅವನದು ಕೆಳಸಾಲಲ್ಲಿತ್ತು. ಬಗ್ಗಿ ಬಗ್ಗಿ ಸೊಂಟ ನೋವು ಅಂತ, ಇನ್ನೊಬ್ಬ ಕುಳ್ಳನಿದ್ದಾನಲ್ಲ, ಅವನ ಜೊತೆ ಅದಲು ಬದಲು ಮಾಡ್ಕೊಂಡ. ಎರಡು ವರ್ಷ ಆಯ್ತು."

"ಕುಳ್ಳನ ಬೀಗ ಎಲ್ಲಿ?"

"ಅವನು ತಿಂಗಳಿಂದ ರಜೆ. ಬೀಗ ಮನೇಲಿದೆ."

ಪೊಲೀಸರು ಅಂದು ತೆಗೆದ ಫೋಟೋದ ಪ್ರತಿಯೊಂದು ಆಪರೇಟರ ಬಳಿ ಇತ್ತು. ಅದರಲ್ಲಿ ಉದ್ದಣ್ಣನ ನೀಲಿ ಬೀಗ ಕೆಳಸಾಲಿನ ಮೂರನೇ ಕೊಕ್ಕೆಗೆ ತೂಗುತ್ತಿತ್ತು. ಬಾಯಿ ಮುಚ್ಚಿತ್ತು. ಅತ್ತಿಗೆ ಅದನ್ನು ತುಂಬ ಹೊತ್ತು ನೋಡಿದರು.

"ಅವತ್ತು ಇಲ್ಲಿಗೆ ಯಾರ್ಯಾರು ಬಂದಿದ್ರು?"

ನಾಲ್ಕನೆಯ ಊರೊಂದು ಮಂಡಳಿಗೆ ಸೇರುವ ಮಾತು ನಡೆದಿತ್ತಂತೆ. ಅಲ್ಲಿನ ಇಬ್ಬರು ಸದಸ್ಯರು ಬೆಳಿಗ್ಗೆ ಹತ್ತು ಐವತ್ತಕ್ಕೆ ಸ್ವಿಚ್ ಮನೆ ನೋಡಲು ಬಂದಿದ್ದರು. ಕರೆತಂದವರು ಮ್ಯಾನೇಜರ್, ಹೊಳೆ ಊರಿನ ಅಧ್ಯಕ್ಷೆ, ಗಿರಣಿ ಊರಿನ ಇಂಜಿನಿಯರ್. ಆಪರೇಟರ್ ಜಗಲಿಯಲ್ಲಿ ಎಲ್ಲರಿಗೂ ಚಹಾ ಹಂಚಿದ. "ಅಧ್ಯಕ್ಷೆ ಮಂಡಿನೋವು ಅಂತ ಮೆಟ್ಟಿಲೇ ಹತ್ತಲಿಲ್ಲ, ಕಾರಲ್ಲೇ ಕೂತಿದ್ರು. ಮಿಕ್ಕವರು ಒಳಗೆ ಹೊರಗೆ ಓಡಾಡ್ತಿದ್ರು. ನಾನು ಚಹಾದಲ್ಲಿದ್ದೆ. ಹನ್ನೊಂದೂ ಕಾಲಿಗೆ ಎಲ್ಲ ಹೊರಟ್ರು. ಹನ್ನೊಂದೂಮುಕ್ಕಾಲಿಗೆ ಗಿರಣಿ ಊರಿನ ಸಭಾಭವನದಲ್ಲಿ ಅವರಿಗೆ ಮೀಟಿಂಗಿತ್ತು."

"ಆ ಭವನಕ್ಕೆ ಕರೆಂಟು?"

"ಗುಡ್ಡದ ಲೈನಿಂದಾನೇ."

ಬೀಗಕ್ಕೆ ಎರಡನೆಯ ಕೀ ಇದ್ದದ್ದು ಒಂದೇ ಕಡೆ. ಒಪ್ಪಂದದ ಹನ್ನೆರಡನೇ ಕಲಮು ಅದು. ಅತ್ತಿಗೆಯೇ ಹಟ ಹಿಡಿದು ಬರೆಸಿದ್ದು. ಸ್ವಂತ ಊರಿನ ಅಧಿಕಾರಿಗಳು ತಮ್ಮ ಆಳಿನ ಮೇಲೆ ಒತ್ತಡ ಹಾಕಬಾರದು, ಅದಕ್ಕೆ ಒಂದು ಊರಿನ ಬೀಗಗಳ ನಕಲಿ ಕೀಗಳು ಇನ್ನೊಂದು ಊರಿನ ಬೀರುವಿನಲ್ಲಿರಬೇಕು. ಕೀ ಯಾರದೋ ಅವರೇ ಡಬ್ಬಿಗೆ ತಂತಿ ಕಟ್ಟಿ, ಮೀಟರಿಗೆ ಹಾಕುತ್ತಾರಲ್ಲ, ಅಂಥ ಸೀಸದ ಸೀಲು ಒತ್ತಬೇಕು. ಬೀರು ಇವರದು, ಸೀಲು ಅವರದು. ಉದ್ದಣ್ಣ ಗುಡ್ಡದ ಊರಿನ ಆಳು. ಆ ಊರಿನ ಕೀ ಡಬ್ಬಿ ಹೊಳೆ ಊರಿನ ಅಧ್ಯಕ್ಷೆಯ ಬಳಿ ಇತ್ತು.

ಆ ಅಧ್ಯಕ್ಷೆಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಜಂಟಿ ಮಂಡಳಿ ಬೇಡ, ಕಂಪನಿಯೇ ವಾಪಸ್ ಬರಲಿ ಎಂದು ಎರಡು ವರ್ಷದಿಂದ ಬೊಬ್ಬೆ ಹೊಡೆಯುತ್ತಿದ್ದವಳು ಆಕೆ. ಒಬ್ಬ ಸತ್ತರೆ ಮಂಡಳಿಗೆ ಕೆಟ್ಟ ಹೆಸರು, ಕೀ ಇವಳ ಹತ್ತಿರ, ಇನ್ನೇನು ಬೇಕು? ಬಸ್ಸಿನಲ್ಲಿ ನಾನು ಅತ್ತಿಗೆಗೆ ಕೇಸು ಬಗೆಹರಿಸಿಯೇಬಿಟ್ಟೆ. ಅವರು ಕಿಟಕಿಯ ಹೊರಗೆ ನೋಡುತ್ತ "ಹ್ಞೂಂ" ಎಂದರು. ಆ ಹ್ಞೂಂಗೆ "ತೆಪ್ಪಗಿರು" ಎಂದರ್ಥ.

"ನೋಡ್ಕೊಳ್ಳಿ, ನೋಡ್ಕೊಳ್ಳಿ," ಎಂದು ಅಧ್ಯಕ್ಷೆ ಬೀರುವಿನಿಂದ ತಗಡಿನ ಡಬ್ಬಿ ತೆಗೆದು ಮೇಜಿನ ಮೇಲೆ ಕುಕ್ಕಿದರು. "ಸೀಲು ಹಾಗೇ ಇದೆ. ಪೊಲೀಸರೂ ನೋಡಿದಾರೆ. ಈ ಡಬ್ಬಿ ಬೀರು ಬಿಟ್ಟು ಆಚೆ ಹೋಗಿಲ್ಲ. ಅವನು ಸಾಯೋ ಹಿಂದಿನ ವಾರ ವರ್ಷದ ತಪಾಸಣೆಗೆ ಅಂತ ಒಂದು ದಿನ ಹೋಗಿದ್ದು ಬಿಟ್ರೆ."

ಅತ್ತಿಗೆ ಚೀಲದಿಂದ ಭೂತಗನ್ನಡಿ ತೆಗೆದು ಸೀಸದ ತುಣುಕನ್ನು ತಿರುಗಿಸಿ ನೋಡಿದರು. ನಾನೂ ಭುಜದ ಮೇಲಿಂದ ಇಣುಕಿದೆ. ಸೀಸದಲ್ಲಿ ನಾಲ್ಕು ಎಂಬ ಅಂಕಿ ಅಚ್ಚೊತ್ತಿತ್ತು, ಅಷ್ಟೇ. ಸೀಲು ಒಡೆದಿರಲಿಲ್ಲ, ತಂತಿ ತುಂಡಾಗಿರಲಿಲ್ಲ. ಅತ್ತಿಗೆಯ ಮುಖ ಮಾತ್ರ ಯಾರೋ ಕಪಾಳಕ್ಕೆ ಹೊಡೆದ ಹಾಗಾಯಿತು. ಭೂತಗನ್ನಡಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟರು.

ಇಂಜಿನಿಯರ್ ಸಿಕ್ಕಿದ್ದು ಗಿರಣಿ ಊರಿನ ಬೀದಿಯಲ್ಲಿ, ಅಂಗಿ ಬೆವರಿನಲ್ಲಿ ತೊಯ್ದು. ಹನ್ನೆರಡು ವರ್ಷ ಲೈನ್‌ಮ್ಯಾನ್ ಆಗಿದ್ದು ಮೇಲೆ ಬಂದವನು, ಈಗಲೂ ದಿನಕ್ಕೊಮ್ಮೆ ಸ್ವಿಚ್ ಮನೆಗೆ ಹೋಗುತ್ತಾನೆ. "ಮರೆತಿರ್ತಾನೆ ಅಮ್ಮ, ಮನುಷ್ಯ ತಾನೆ," ಎಂದ. ನೆಲ ನೋಡಿಕೊಂಡು ಹೇಳಿದ. "ಗಿರಣಿಯವರು ಕರೆಂಟಿಲ್ಲ ಅಂತ ನನ್ನ ಪ್ರಾಣ ತಿಂತಿದ್ರು. ಅವತ್ತು ಆ ಕೆಲಸ ಇಟ್ಕೋಬೇಡ ಅಂತ ನಾನೂ ಹೇಳಿದ್ದೆ, ಮ್ಯಾನೇಜರೂ ಹೇಳಿದ್ರು. ಶಾಲೆ ದಾರಿ ಕಂಬದಲ್ಲಿ ತಂತಿ ಹಿಡಿದಿರೋ ಪಿಂಗಾಣಿ ಬಿರುಕು ಬಿಟ್ಟಿದೆ, ತಂತಿ ಬಿದ್ರೆ ಮಕ್ಕಳ ಮೇಲೆ ಬೀಳುತ್ತೆ ಅಂತ ಉದ್ದಣ್ಣ ಕೇಳಲೇ ಇಲ್ಲ."

ಕೊನೆಗೆ ಮ್ಯಾನೇಜರ್. ನಮ್ಮ ಮನೆಗೆ ಬಂದು ಕಾಫಿ ಕುಡಿದು, ತಾನೇ ಲೋಟ ತೊಳೆದಿಟ್ಟು ಹೋಗುವಂಥ ಮನುಷ್ಯ. ಸೈಕಲ್ಲಿನಲ್ಲೇ ಕಚೇರಿಗೆ ಬರುತ್ತಿದ್ದ. ಈ ಮೂರು ಊರಿನ ಮಂಡಳಿಯನ್ನು ತನ್ನ ಮಗುವಿನ ಹಾಗೆ ನೋಡಿಕೊಂಡವನು. ಅತ್ತಿಗೆಯನ್ನು ನೋಡಿದ್ದೇ ಎದ್ದು ಕುರ್ಚಿ ಎಳೆದ.

"ನಂಗೂ ಸಂಕಟ ಆಗುತ್ತೆ ಅಮ್ಮ. ಆದ್ರೆ ವರದಿ ಬೇರೆ ಥರ ಹೇಗೆ ಬರೀಲಿ? ಸೀಲು ಒಡೆದಿಲ್ಲ, ಎರಡನೇ ಕೀ ಆಚೆ ಬಂದಿಲ್ಲ, ಬೀಗ ಅವನ ಕೊಕ್ಕೆ ಮೇಲೇ ಇದೆ. ಬಿಡಿ, ಹೆಂಡತಿಗೆ ನಮ್ಮಲ್ಲೇ ಒಂದು ಕೆಲಸ ಕೊಡಿಸೋಣ."

ಅತ್ತಿಗೆ ಗೋಡೆ ನೋಡುತ್ತಿದ್ದರು. ಅಲ್ಲಿ ಚೌಕಟ್ಟು ಹಾಕಿದ ನಕ್ಷೆಯೊಂದಿತ್ತು: ಸ್ವಿಚ್ ಮನೆಯ ಹಲಗೆ, ಎರಡು ಸಾಲು ಕೊಕ್ಕೆ, ಪ್ರತಿಯೊಂದರ ಕೆಳಗೆ ಒಂದೊಂದು ಹೆಸರು. ಮಂಡಳಿ ಶುರುವಾದ ವರ್ಷ ಮ್ಯಾನೇಜರ್ ಸ್ವತಃ ಬರೆದದ್ದು. ಮೇಜಿನ ಮೇಲೆ ಕಾಗದ ಹಾರದಂತೆ, ಸೀಸಕ್ಕೆ ಸೀಲೊತ್ತುವ ಇಕ್ಕಳವೊಂದನ್ನು ಇಟ್ಟಿದ್ದ. ಅತ್ತಿಗೆ ಅದನ್ನೆತ್ತಿ ಬಾಯಿ ಬಿಡಿಸಿ ನೋಡಿ, ಮತ್ತೆ ಕಾಗದದ ಮೇಲಿಟ್ಟರು.

"ನಾಳಿನ ಸಭೆ ಸ್ವಿಚ್ ಮನೆಯಲ್ಲೇ ಇಟ್ಕೊಳ್ಳಿ," ಎಂದರು. "ಡಬ್ಬೀನೂ ಬರಲಿ. ಆ ಹೆಣ್ಣುಮಗಳೂ ಬರಲಿ."

ಮನೆಗೆ ಬಂದವರು ಊಟ ಮಾಡಲಿಲ್ಲ. ಪದಬಂಧ ಮುಟ್ಟಲಿಲ್ಲ. "ಅಧ್ಯಕ್ಷೆಯೇ ತಾನೆ?" ಎಂದೆ. "ಆಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಶುಕ್ರವಾರ ನಾಲ್ಕಕ್ಕೆ ಎಲ್ಲರೂ ಹಲಗೆಯ ಮುಂದೆ ಸೇರಿದರು. ಅಧ್ಯಕ್ಷೆಯನ್ನು ಇಬ್ಬರು ಹಿಡಿದು ಮೆಟ್ಟಿಲು ಹತ್ತಿಸಿ ಕುರ್ಚಿಯಲ್ಲಿ ಕೂರಿಸಿದ್ದರು. ಇಂಜಿನಿಯರ್ ಗೋಡೆಗೆ ಒರಗಿದ್ದ. ಮ್ಯಾನೇಜರ್ ವರದಿಯ ಪ್ರತಿಗಳನ್ನು ಜೋಡಿಸಿಟ್ಟುಕೊಂಡಿದ್ದ. ನಾಲ್ಕನೇ ಊರಿನಿಂದ ಒಬ್ಬರು ಬಂದಿದ್ದರು. ಆಪರೇಟರ್ ಬಾಗಿಲ ಬಳಿ, ಉದ್ದಣ್ಣನ ಹೆಂಡತಿ ನನ್ನ ಪಕ್ಕ. ಅತ್ತಿಗೆಯ ಮಾತಿನಂತೆ ಪೊಲೀಸ್ ಇನ್ಸ್‌ಪೆಕ್ಟರ್ ಉದ್ದಣ್ಣನ ಬೀಗ ಮತ್ತು ಕೀ ತಂದಿದ್ದರು.

ಅತ್ತಿಗೆ ಆ ಬೀಗವನ್ನು ಕೀಯಿಂದ ತೆರೆದು ಅಧ್ಯಕ್ಷೆಯ ಕೈಗೆ ಕೊಟ್ಟರು. "ಕೀ ಆಚೆ ತೆಗೀರಿ."

ಅಧ್ಯಕ್ಷೆ ಎಳೆದರು, ತಿರುಗಿಸಿದರು, ಮತ್ತೆ ಎಳೆದರು. "ಬರ್ತಿಲ್ವಲ್ಲ! ಕೆಟ್ಟಿದೆ."

"ಕೆಟ್ಟಿಲ್ಲ. ಬಾಯಿ ಮುಚ್ಚಿ. ಬೀಗದ್ದು." ಯಾರೋ ಕೆಮ್ಮಿದರು. ಅಧ್ಯಕ್ಷೆ ಬೀಗ ಒತ್ತಿ ಮುಚ್ಚಿದರು. ಕೀ ತಾನಾಗಿ ಕೈಗೆ ಬಂತು.

"ಇದು ಲೈನ್‌ಮ್ಯಾನ್‌ಗಳ ಬೀಗ," ಎಂದರು ಅತ್ತಿಗೆ. "ಮುಚ್ಚಿದ್ರೆ ಮಾತ್ರ ಕೀ ಬಿಡುತ್ತೆ. ಅದಕ್ಕೇ ಕೆಲಸವಿಲ್ಲದ ಬೀಗಗಳೆಲ್ಲ ಇಲ್ಲಿ ಬಾಯಿ ತೆರೆದು, ಕೀ ಸಮೇತ ತೂಗ್ತಿರ್ತವೆ. ಉದ್ದಣ್ಣ ಬೀಗ ಹಾಕೋದು ಮರೆತಿದ್ರೆ ಅವನ ಬೀಗವೂ ಹಾಗೇ ಇರ್ಬೇಕಿತ್ತು, ಕೀ ಅದರಲ್ಲೇ ಇರ್ಬೇಕಿತ್ತು. ಕೀ ಅವನ ಕೊರಳಲ್ಲಿತ್ತು. ಅಂದ್ರೆ ಅವನು ಬೀಗ ಹಾಕಿದ್ದ. ಸ್ವಿಚ್ಚಿಗೇ ಹಾಕಿದ್ದ. ಈ ಆಪರೇಟರ್ ಒಂಬತ್ತು ಗಂಟೆಗೆ ಸರಿಯಾಗೇ ನೋಡಿದ್ದ. ನೀವು ನಕ್ಕಿದ್ದು ಅವನ ಕನ್ನಡಕಕ್ಕೆ."

ಪಕ್ಕದಲ್ಲಿ ನಿಂತಿದ್ದವಳು ನನ್ನ ಕೈ ಹಿಡಿದುಕೊಂಡಳು. ಮೂಳೆ ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು.

"ಹಾಗಾದ್ರೆ ಆಮೇಲೆ ಯಾರೋ ಎರಡನೇ ಕೀಯಿಂದ ತೆಗೆದ್ರು. ತಮ್ಮ ಕೀ ವಾಪಸ್ ತಗೊಳ್ಳೋಕೆ ಅದನ್ನ ಮುಚ್ಚಲೇಬೇಕಾಯ್ತು. ಕೊಕ್ಕೆಗೆ ಹಾಕಿ ಮುಚ್ಚಿದ್ರು. ಯಾವ ಕೊಕ್ಕೆಗೆ? ಕೆಳಸಾಲಿನ ಮೂರನೇದಕ್ಕೆ." ಅತ್ತಿಗೆ ಇಂಜಿನಿಯರನ ಕಡೆ ತಿರುಗಿದರು. "ಉದ್ದಣ್ಣನ ಕೊಕ್ಕೆ ಯಾವುದಪ್ಪ?"

ಅವನು ಯೋಚಿಸದೆ ಕೈ ಎತ್ತಿದ. "ಮೇಲಿನ ಸಾಲು, ಕೊನೇದು." ಆಮೇಲೆ ಅವನ ಕೈ ಗಾಳಿಯಲ್ಲೇ ನಿಂತಿತು. "ಎರಡು ವರ್ಷದಿಂದ ಅದೇ... ಆದ್ರೆ ಫೋಟೋದಲ್ಲಿ..."

"ಇಲ್ಲಿ ದಿನಾ ಓಡಾಡೋರಿಗೆಲ್ಲ ಅದು ಗೊತ್ತು. ನೀನಾಗಿದ್ರೆ ಕತ್ತಲಲ್ಲೂ ಮೇಲಕ್ಕೇ ಹಾಕ್ತಿದ್ದೆ. ಅಧ್ಯಕ್ಷೆ ಅವತ್ತು ಕಾರಿಂದ ಇಳಿದೇ ಇಲ್ಲ. ಅತಿಥಿಗಳಿಗೆ ಉದ್ದಣ್ಣ ಯಾರು ಅಂತಾನೇ ಗೊತ್ತಿಲ್ಲ. ಅವನ ಕೊಕ್ಕೆ ಕೆಳಸಾಲಿನ ಮೂರನೇದು ಅಂತ ಹೇಳೋದು ಈ ಲೋಕದಲ್ಲಿ ಒಂದೇ ವಸ್ತು. ಎಂಟು ವರ್ಷದ ಹಿಂದಿನ ನಕ್ಷೆ. ಅದು ತೂಗ್ತಿರೋದು ಒಂದೇ ಗೋಡೆ ಮೇಲೆ."

ಯಾರೂ ಮ್ಯಾನೇಜರನ ಕಡೆ ನೋಡಲಿಲ್ಲ. ಅವನೇ ಮಾತಾಡಿದ. "ಅಮ್ಮ, ನಕ್ಷೆ ಯಾರು ಬೇಕಾದ್ರೂ ನೋಡಬಹುದು. ಡಬ್ಬಿ ಸೀಲು ಒಡೆದಿಲ್ಲ."

"ಸೀಲು ಇದೆಯಾ ಅಂತ ಎಲ್ಲರೂ ನೋಡಿದ್ರಿ. ಯಾರ ಸೀಲು ಅಂತ ಒಬ್ಬರೂ ನೋಡಲಿಲ್ಲ." ಅತ್ತಿಗೆ ಡಬ್ಬಿಯನ್ನು ಎತ್ತಿ ತೋರಿಸಿದರು. "ಮೂರು ಊರಿಗೆ ಒಂದು, ಎರಡು, ಮೂರು ನಂಬರಿನ ಇಕ್ಕಳ. ಕೀ ಗುಡ್ಡದ ಊರಿನದು, ಸೀಸದ ಮೇಲೆ ಒಂದು ಅಂತಿರ್ಬೇಕು. ನಾಲ್ಕು ಅಂತಿದೆ. ನಾಲ್ಕನೇ ಇಕ್ಕಳ ನಿನ್ನ ಮೇಜಿನ ಮೇಲಿದೆ ಕಣೋ, ಕಾಗದ ಹಾರಬಾರದು ಅಂತ. ತಪಾಸಣೆಗೆ ಅಂತ ಡಬ್ಬಿ ತರಿಸಿ, ತೆರೆದು, ನಿನ್ನ ಸೀಲು ಒತ್ತಿದ್ದೀಯ. ಆ ಊರಿನ ಲೈನ್‌ಮ್ಯಾನ್‌ಗಳು ನಾಲ್ವರು, ಒಳಗೆ ನಾಲ್ಕು ಕೀ ಇರ್ಬೇಕು. ಅಧ್ಯಕ್ಷರೇ, ಒಡೀರಿ."

ಅಧ್ಯಕ್ಷೆ ತಂತಿ ಕತ್ತರಿಸಿ ಡಬ್ಬಿಯನ್ನು ಮಡಿಲಿಗೆ ಸುರಿದುಕೊಂಡರು. ಮೂರು ಕೀ ಬಿದ್ದವು.

ಮ್ಯಾನೇಜರ್ ವರದಿಯ ಪ್ರತಿಗಳನ್ನು ಇನ್ನೂ ಜೋಡಿಸುತ್ತಲೇ ಇದ್ದ. ಅಂಚು ಹೊಂದಿಸುವ ಹಾಗೆ ತಟ್ಟಿ ತಟ್ಟಿ ಇಟ್ಟು, ಕೊನೆಗೆ ಕೈ ಬಿಟ್ಟ. "ಹನ್ನೊಂದೂವರೆಗೆ ಮುಗಿಸ್ತೀನಿ ಅಂತ ಅವನೇ ಬರೆದುಕೊಟ್ಟಿದ್ದ," ಎಂದ. "ಇಳಿದು, ಆರು ಮೈಲಿ ವಾಪಸ್ ಬಂದು ಬೀಗ ತೆಗೆಯೋಷ್ಟರಲ್ಲಿ ಹನ್ನೆರಡು ದಾಟ್ತಿತ್ತು. ಅತಿಥಿಗಳನ್ನ ಕತ್ತಲೆ ಭವನದಲ್ಲಿ ಕೂರಿಸಿ, ನಮ್ಮ ಕರೆಂಟು ಚೆನ್ನಾಗಿದೆ ಸೇರ್ಕೊಳ್ಳಿ ಅಂತ ಹೇಗೆ ಹೇಳ್ಲಿ? ಬೇಕಾದ್ರೆ ಇರಲಿ ಅಂತ ಕೀ ಇಟ್ಕೊಂಡಿದ್ದೆ. ಅರ್ಧ ಗಂಟೆ ಉಳಿಸೋಣ ಅಂತ ತೆಗೆದೆ. ಅಷ್ಟೇ. ಅವನು ಟೈಮಿಗೆ ಇಳೀತಾನೆ ಅಂದ್ಕೊಂಡೆ."

"ಕೆಲಸ ಟೈಮಿಗೇ ಮುಗಿದಿತ್ತು," ಎಂದರು ಅತ್ತಿಗೆ. "ರಕ್ಷಣೆಗೆ ಅಂತ ತಂತಿಯಿಂದ ನೆಲಕ್ಕೆ ಕಟ್ಟಿದ್ದ ಸರಿಗೆ ಬಿಚ್ಚಿದ್ದ ಅಂತ ಪೊಲೀಸರೇ ಬರೆದಿದಾರೆ. ಇಳಿಯೋದೊಂದೇ ಬಾಕಿ. ನಿಧಾನಕ್ಕೆ ಇಳೀಬಹುದು ಅಂದ್ಕೊಂಡಿದ್ದ. ಯಾಕಂದ್ರೆ ಕೀ ಅವನ ಕೊರಳಲ್ಲಿತ್ತು. ಸತ್ತ ಸುದ್ದಿ ಬಂದ ಮೇಲೆ ನೀನು ಕೂತು ಈ ಕಾಗದ ಟೈಪ್ ಮಾಡಿದೆ. ಮೊದಲನೇದು ದುಡುಕು ಅಂತ ಬೇಕಾದ್ರೆ ಹೇಳ್ಕೋ. ಇದಕ್ಕೇನಂತೀಯ?"

ಅವನು ಅತ್ತಿಗೆಯ ಹತ್ತಿರ ಬಂದು ದನಿ ತಗ್ಗಿಸಿದ. "ಅಮ್ಮ, ನಂಗೆ ಬೇಡ, ಮಂಡಳಿಗೋಸ್ಕರ ಯೋಚಿಸಿ. ಇದು ಹೊರಗೆ ಹೋದ್ರೆ ಮೂರು ಊರೂ ಒಡೆದುಹೋಗುತ್ತೆ. ಕಂಪನಿ ಬಾಗಿಲಲ್ಲೇ ಕಾದಿದೆ. ನೀವೇ ಕಟ್ಟಿದ್ದಲ್ವಾ ಇದನ್ನ?"

"ಒಡೆಯೋದಾದ್ರೆ ಒಡೀಲಿ! ಊರಿನ ಸ್ವತ್ತು, ಊರಿನ ಸ್ವತ್ತು ಅಂತ ಮನೆಮನೆಗೆ ಹೋಗಿ ಗಂಟಲು ಹರ್ಕೊಂಡೆ. ಆ ಕಂಬದ ಮೇಲಿದ್ದೋನು ಊರಿನವನಲ್ವೇನೋ? ಇದನ್ನ ಉಳಿಸೋಕೆ ಅವನ ಹೆಸರು ಸುಡ್ಬೇಕು ಅಂದ್ರೆ ನಂಗೆ ಇದು ಬೇಡ."

ಅತ್ತಿಗೆ ಕಿರುಚಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಇನ್ಸ್‌ಪೆಕ್ಟರ್ ಮ್ಯಾನೇಜರನ ತೋಳು ಹಿಡಿದರು.

ಅಧ್ಯಕ್ಷೆಯ ಮುಖ ಅರಳಿತ್ತು. "ನಾನು ಮೊದಲಿಂದ ಬಡ್ಕೋತಿದ್ದೆ, ಈ ಜಂಟಿ ವ್ಯವಹಾರವೇ..."

"ನೀವು ಬಾಯಿ ಮುಚ್ಚಿ. ಈ ಸಲ ನಿಮ್ಮದೇ." ಅತ್ತಿಗೆ ಡಬ್ಬಿಯ ಮುಚ್ಚಳ ತಿರುಗಿಸಿ ಅಂಟಿಸಿದ್ದ ಚೀಟಿ ತೋರಿಸಿದರು. "‘ಸೀಲು ಪರಿಶೀಲಿಸಿ ಪಡೆದುಕೊಂಡಿದ್ದೇನೆ.’ ಸಹಿ ನಿಮ್ಮದು. ಓದಿದ್ರೆ ಅವನು ಬದುಕಿರ್ತಿದ್ದ. ಒಂದು ಅಂಕಿ ಓದೋದಿತ್ತು."

ಆಗ ಉದ್ದಣ್ಣನ ಹೆಂಡತಿ ನನ್ನ ಕೈ ಬಿಟ್ಟು ಮುಂದೆ ಹೋದಳು. ವರದಿಯ ಹಾಳೆಯೊಂದನ್ನು ಎತ್ತಿ, ಮಗುಚಿ, ಇಂಜಿನಿಯರನ ಮುಂದಿಟ್ಟಳು. "ಬರೀರಿ," ಎಂದಳು. "‘ಅವನು ತನ್ನ ಕೆಲಸ ಸರಿಯಾಗಿ ಮಾಡಿದ್ದ. ಅವನನ್ನ ಕೊಂದದ್ದು ನಾವು.’"

"ನಾವು ಅಂದ್ರೆ... ಮ್ಯಾನೇಜರ್ ಅಂತ ಬರೆದ್ರೆ ಸಾಲ್ದಾ?" ಎಂದ ಇಂಜಿನಿಯರ್.

"ಈ ಸುಳ್ಳು ಕಾಗದಕ್ಕೆ ಸಹಿ ಹಾಕೋಕೆ ಪೆನ್ನು ಜೇಬಲ್ಲಿಟ್ಕೊಂಡು ಬಂದಿದ್ರಿ. ನಾವು ಅಂತಾನೇ ಬರೀರಿ."

ಅವನು ಬರೆದ. ಅಧ್ಯಕ್ಷೆ ಎಲ್ಲರ ಮುಖ ನೋಡಿ, ಕೊನೆಗೆ ಸಹಿ ಹಾಕಿದರು. ಮೂರು ಊರು ಒಡೆಯಲಿಲ್ಲ. ನಾಲ್ಕನೆಯದು ಒಂದು ವರ್ಷ ತಡೆದು, ನಕಲಿ ಕೀಗಳನ್ನೆಲ್ಲ ಕರಗಿಸಿದ ಮೇಲೆ ಸೇರಿತು. ಅದೆಲ್ಲ ಆಮೇಲಿನ ಮಾತು. ಅವತ್ತು ನಮಗೆ ಏನೋ ಗೆದ್ದೆವು ಎಂದು ಅನ್ನಿಸಲೇ ಇಲ್ಲ. ಅತ್ತಿಗೆ ಯಾರಿಗೂ ಮುಖ ಕೊಡದೆ ಬಸ್ ನಿಲ್ದಾಣದ ಕಡೆ ನಡೆದುಬಿಟ್ಟರು.

ಮೆಟ್ಟಿಲು ಇಳಿಯುವಾಗ ಆ ಹೆಣ್ಣುಮಗಳು ನನ್ನ ಸೆರಗು ಹಿಡಿದು ನಿಲ್ಲಿಸಿದಳು.

"ಅಕ್ಕ, ನೀವು ನರ್ಸ್ ಆಗಿದ್ದೋರು. ಒಂದು ಕೇಳ್ತೀನಿ. ಕರೆಂಟು ಹೊಡೆದಾಗ, ಆ ಒಂದು ಕ್ಷಣ... ಅಯ್ಯೋ, ನಾನೇ ಬೀಗ ಹಾಕೋದು ಮರೆತೆನಾ ಅಂತ ಅವರಿಗೆ ಅನ್ನಿಸಿರುತ್ತಾ?"

"ಅಷ್ಟು ಹೊತ್ತು ಇರಲಿಲ್ಲಮ್ಮ," ಎಂದೆ.

ವಾರ್ಡಿನಲ್ಲಿ ಸಾಯುವವರ ಮನೆಯವರಿಗೆ ಎಷ್ಟೋ ಸುಳ್ಳು ಹೇಳಿದ್ದೇನೆ. ಇದು ಸುಳ್ಳೋ ನಿಜವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವಳು ತಲೆಯಾಡಿಸಿ, ಮಗಳು ಶಾಲೆಯಿಂದ ಬರುವ ಹೊತ್ತಾಯಿತು ಎಂದು ಹೊರಟಳು. ಆ ಪ್ರಶ್ನೆ ಅವಳ ಬಾಯಲ್ಲಿ ಬರುವಂತೆ ಮಾಡಿದವರನ್ನು ಮಾತ್ರ ನಾನು ಇನ್ನೂ ಕ್ಷಮಿಸಿಲ್ಲ.